ಕಂಚಿಗೆ ಬೆರೆಸುವ ಲೋಹ

ಪತ್ರಿಕೆ ಹೊಸ್ತಿಲಿಗೆ ಬಂದು ಬೀಳುವ ಹೊತ್ತಿಗೆ ಸೊಸೆ ಬಚ್ಚಲಿನ ಬಾಗಿಲು ಹಾಕಿಕೊಂಡು ಅವತ್ತಿನ ಪದಬಂಧದ ಉತ್ತರಗಳನ್ನು ಫೋನಿನಲ್ಲಿ ನೋಡಿ ಮುಗಿಸಿರುತ್ತಿದ್ದಳು. ಕಾಗದದ ಪತ್ರಿಕೆ ಉತ್ತರ ಕೊಡುತ್ತಿದ್ದದ್ದು ಮರುದಿನ. ಫೋನಿನ ಪತ್ರಿಕೆಗೆ ಅಷ್ಟು ತಾಳ್ಮೆಯಿಲ್ಲ; ಚೌಕಗಳ ಕೆಳಗೇ ‘ಉತ್ತರ ತೋರಿಸು’ ಎಂದು ಒಂದು ಗುಂಡಿ. ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ, ಅವಳು ಅಡ್ಡಸಾಲು ಉದ್ದಸಾಲುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳು. ಬಾಯಿಪಾಠ ಹೊಸದಲ್ಲ.

ಊಟದ ಮೇಜಿನ ಕಿಟಕಿ ಕಡೆಯ ಕುರ್ಚಿ ಗಂಡನದಾಗಿತ್ತು. ಬೆಳಿಗ್ಗೆ ಮುಖ ತೊಳೆದರೆ ಅಪ್ಪ ಮಗ ಇಬ್ಬರೂ ಪದಬಂಧಕ್ಕೆ ಕೂರುವವರು. ಕೆಲಸಕ್ಕೆ ಹೊತ್ತಾಯಿತೆಂದು ಅವಳು ಎರಡು ಸಲ ಕೂಗದೆ ಏಳುವವರಲ್ಲ. ಅವನು ತೀರಿಕೊಂಡ ಮೇಲೆ ಕುರ್ಚಿ ಇದ್ದಲ್ಲೇ ಇತ್ತು. ಒಂದು ದಿನ ಮಾವ ಪತ್ರಿಕೆಯನ್ನು ಅವಳ ಕಡೆ ಸರಿಸಿ, “ಮೂರನೇ ಅಡ್ಡ ನೋಡಮ್ಮ, ನಂಗೆ ಹೊಳೀತಿಲ್ಲ” ಅಂದರು.

ಅವಳು ಕೂತಳು. ಅಕ್ಷರ ಕಾಣುತ್ತಿತ್ತು, ತಲೆಗೆ ಹತ್ತುತ್ತಿರಲಿಲ್ಲ. ಆ ದಿನಗಳಲ್ಲಿ ಹಾಲಿನ ಪೊಟ್ಟಣದ ಮೇಲಿನ ತಾರೀಖು ಕೂಡ ಹತ್ತುತ್ತಿರಲಿಲ್ಲ. ಬೈದಿದ್ದರೆ ಎದ್ದುಹೋಗಬಹುದಿತ್ತು, ಮಾವ ಸುಮ್ಮನೆ ಕಾಯುತ್ತಲೇ ಇದ್ದರು. ಮರುದಿನ ಅವಳು ಬಚ್ಚಲಿಗೆ ಫೋನ್ ಒಯ್ದಳು.

ಮಾವನ ಮುಖ ಅರಳಿತು. ಎರಡನೇ ಲೋಟ ಚಹಾ ಕೇಳಿದರು, ಎಷ್ಟೋ ತಿಂಗಳ ಮೇಲೆ. ಅಲ್ಲಿಂದ ದಿನಾ ಅದೇ ಆಯಿತು. ಉತ್ತರ ಬರೆಯುವುದು ಸುಲಭ, ಯೋಚಿಸುವವಳ ಹಾಗೆ ಕಾಣುವುದು ಕಷ್ಟ. ಪೆನ್ಸಿಲಿನ ತುದಿ ಕಚ್ಚಬೇಕು, ಕಿಟಕಿಯಾಚೆ ನೋಡಬೇಕು, ದಿನಕ್ಕೊಂದು ಪದ ಬೇಕೆಂದೇ ಖಾಲಿ ಬಿಟ್ಟು “ಇದೊಂದು ನೀವೇ ಹೇಳಿ ಮಾವ” ಅನ್ನಬೇಕು. ಅವರು ಹೇಳುವರು. ಹೇಳಿ ಮೀಸೆಯಡಿಯಲ್ಲಿ ನಗುವರು.

ಮಾವ ಶಾಲೆಯ ಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಸ್ನೇಹಿತರು ಇಟ್ಟ ಹೆಸರು ಕೆಂಪು ಪೆನ್ನು. ಭಾನುವಾರ ಪದಬಂಧ ಬರುವುದಿಲ್ಲ, ಶನಿವಾರದ ಉತ್ತರ ಮಾತ್ರ ಬರುತ್ತದೆ. ಅವತ್ತು ಇಬ್ಬರು ಮನೆಗೆ ಬರುತ್ತಿದ್ದರು. ಒಬ್ಬರು ಬೀದಿ ತುದಿಯ ಔಷಧಿ ಅಂಗಡಿಯವರು. ಇನ್ನೊಬ್ಬರು ರೈಲಿನಲ್ಲಿ ಗಾರ್ಡ್ ಆಗಿದ್ದು, ಈಗ ಹೊರಗೆ ಹೊರಡಲು ಹೆಂಡತಿಯ ಹಸಿರು ಬಾವುಟಕ್ಕೆ ಕಾಯುವವರು. ಮೂವರೂ ಸೇರಿ ವಾರದ ಪದಬಂಧಗಳನ್ನು ಕಲ್ಲಿಗೆ ಬಡಿದು ಒಗೆಯುವರು. ರಚಿಸಿದವರ ಹೆಸರು ಪತ್ರಿಕೆಯಲ್ಲಿ ಇರುತ್ತಿರಲಿಲ್ಲವಾದ್ದರಿಂದ ಬೈಯಲು ದಾಕ್ಷಿಣ್ಯವೂ ಇರಲಿಲ್ಲ. ಕೊನೆಗೆ ಮಾವ ಪತ್ರಿಕೆಯ ಕಚೇರಿಗೆ ಫೋನ್ ಮಾಡಿ, ಸಿಕ್ಕಿದ ತಪ್ಪುಗಳನ್ನೆಲ್ಲ ಒಪ್ಪಿಸುವರು. ಇದುವರೆಗೆ ಅವರು ಹೇಳಿದ ಒಂದು ತಪ್ಪೂ ಸುಳ್ಳಾಗಿರಲಿಲ್ಲ. ಅವರ ಪಾಲಿಗೆ ಅದೊಂದೇ ಆಸ್ತಿ. ಈಚೆಗೆ ಅದರ ಜೊತೆ ಸೊಸೆಯ ಜಾಣತನವೂ ಸೇರಿತ್ತು.

ಆ ಭಾನುವಾರ ಅವಳು ಎದ್ದು ಬರುವಾಗ ಮಾವ ಆಗಲೇ ಮೇಜಿನ ಮುಂದಿದ್ದರು. ಹಿಂದಿನ ದಿನ ಅವಳು ತುಂಬಿದ್ದ ಚೌಕಗಳ ಪಕ್ಕ ಇವತ್ತಿನ ಉತ್ತರ ಇಟ್ಟುಕೊಂಡು ನೋಡುತ್ತಿದ್ದರು.

“ನಿನ್ನೇದು ಸುಲಭ ಇತ್ತೇನಮ್ಮ?”

“ಸುಮಾರಾಗಿತ್ತು ಮಾವ.”

“ಬಲಗಡೆ ಕೆಳಗಿನ ಮೂಲೇದು?”

ಆ ಮೂಲೆಯಲ್ಲಿ ಏನಿತ್ತೆಂದು ಅವಳಿಗೆ ನೆನಪೇ ಇರಲಿಲ್ಲ. “ಅದೂ ಸುಲಭಾನೇ,” ಅಂದಳು.

ಮಾವ ಪತ್ರಿಕೆ ಮಡಚಿ ಮೊಣಕೈ ಕೆಳಗೆ ಇಟ್ಟುಕೊಂಡರು. ಚಹಾ ಆರಿಹೋಯಿತು. ಕುಡಿಯಲಿಲ್ಲ.

ಸ್ನೇಹಿತರು ಬಂದು ಕೂತರು. ಅವಳು ಅಡುಗೆಮನೆಯಲ್ಲಿ ಮತ್ತೆ ಚಹಾಕ್ಕೆ ನೀರಿಟ್ಟಳು. ನಡುವೆ ಬಾಗಿಲಿಲ್ಲದ ಬಾಗಿಲುವಾಡ, ಎಲ್ಲ ಕೇಳಿಸುತ್ತಿತ್ತು.

“ಈ ಮಹಾರಾಯನ ಹತ್ರ ಆನೆ ಬಿಟ್ರೆ ಬೇರೆ ಪ್ರಾಣಿ ಇಲ್ವೇನ್ರೀ? ವಾರಕ್ಕೆ ಮೂರು ಆನೆ,” ಎಂದು ಔಷಧಿಯವರು ಶುರು ಮಾಡಿದರು.

“ಅದೇನೋ ಅಂತಾರಲ್ಲ, ಇದ್ರೂ ಸಾವಿರ, ಸತ್ರೂ ಸಾವಿರ,” ಅಂದರು ಗಾರ್ಡ್. “ಆನೆ ಹೋಗ್ಲಿ, ಬುಧವಾರದ ಸುಳಿವು ನೋಡಿ. ‘ಒಂದು ಹಕ್ಕಿ’, ಎರಡಕ್ಷರ. ಕಾಗೆಯೂ ಆಗುತ್ತೆ, ಗಿಳಿಯೂ ಆಗುತ್ತೆ, ಗೂಬೆಯೂ ಆಗುತ್ತೆ. ಇದು ಸುಳಿವಾ, ಲಾಟರಿಯಾ? ಏನ್ರೀ ಕೆಂಪು ಪೆನ್ನು, ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀರಿ?”

ಮಾವ “ಹೂಂ” ಅಂದರು.

“ಶನಿವಾರದ್ದು ಇನ್ನೂ ಚೆಂದ,” ಎಂದು ಔಷಧಿಯವರು ಮುಂದುವರಿಸಿದರು. “ಬಲಗಡೆ ಕೆಳಗೆ ಮೂರು ಮನೆ. ಬೇರೆ ಒಂದು ಪದಾನೂ ಅದನ್ನ ಮುಟ್ಟಲ್ಲ. ನಂಟೇ ಇಲ್ಲದ್ದನ್ನ ಬಂಧ ಅಂತ ಯಾಕೆ ಕರೀಬೇಕು? ಸುಳಿವು ಏನಪ್ಪಾ ಅಂದ್ರೆ, ‘ಕಂಚು ಮಾಡಲು ತಾಮ್ರಕ್ಕೆ ಬೆರೆಸುವ ಲೋಹ’. ನಾನು ತವರ ಅಂತ ಬರೆದೆ. ಇವತ್ತು ಉತ್ತರ ನೋಡಿದ್ರೆ ಸತುವು ಅಂತಿದೆ.”

“ಸತುವು ಬೆರೆಸಿದ್ರೆ ಹಿತ್ತಾಳೆ ಆಗೋದು,” ಅಂದರು ಗಾರ್ಡ್.

“ಅದೇ ಮತ್ತೆ.”

ಒಲೆಯ ಮುಂದೆ ಸೊಸೆಯ ಕೈ ನಿಂತಿತು. ಸ, ತು, ವು. ನಲ್ಲಿಯ ಸದ್ದಿನಲ್ಲಿ ಅವಳೇ ಹೇಳಿಕೊಂಡ ಮೂರು ಅಕ್ಷರ. ಸುಳಿವನ್ನು ಅವಳು ಓದಿರಲೇ ಇಲ್ಲ. ಓದಿದ್ದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತವರ ಅನ್ನುತ್ತಿದ್ದಳು. ಪತ್ರಿಕೆ ಮಾಡಿದ ತಪ್ಪು ಕಾಗದದ ಮೇಲೆ ಬಂದದ್ದು ಇವತ್ತು. ಅದೇ ತಪ್ಪು ನಿನ್ನೆಯೇ ಅವಳ ಕೈಬರಹದಲ್ಲಿ ಆ ಮೂರು ಮನೆಗಳಲ್ಲಿ ಹಾಯಾಗಿ ಕೂತಿತ್ತು. ಬೆಳಿಗ್ಗೆ ಮಾವ ಕೇಳಿದ ಪ್ರಶ್ನೆ ಯಾಕೆಂದು ಈಗ ಗೊತ್ತಾಯಿತು. ತಾನಾಗಿ ಹೇಳಿಬಿಡಲು ಅವರು ಅವಳಿಗೆ ದಾರಿ ಬಿಟ್ಟುಕೊಟ್ಟಿದ್ದರು. ಅವಳು ಸುಲಭಾನೇ ಅಂದಿದ್ದಳು.

“ತಡೀರಿ, ಇವರ ಸೊಸೆ ಏನು ಬರೆದಿದ್ದಾರೆ ನೋಡೋಣ,” ಅಂದರು ಔಷಧಿಯವರು. “ಅವಳು ತಪ್ಪೋದೇ ಇಲ್ಲ ಅಂತ ಇವರು ಊರೆಲ್ಲಾ ಡಂಗುರ ಹೊಡೀತಿದ್ದಾರೆ.”

ಅವರ ಕೈ ಮಾವನ ಮೊಣಕೈವರೆಗೆ ಬಂತು. ಮೊಣಕೈ ಅಲುಗಲಿಲ್ಲ.

“ಆ ಮೂಲೆ ಅವಳು ತುಂಬಿದ್ದಲ್ಲ. ಅವಳಿಗೆ ಕೆಲಸ ಇತ್ತು. ನಾನು ತುಂಬಿದೆ.”

“ಏನಂತ?”

“ಸತುವು.”

ಗಾರ್ಡ್ ತೊಡೆ ತಟ್ಟಿಕೊಂಡು ನಕ್ಕರು.

“ಹಳೇ ಕಾಲದಲ್ಲಿ ಸತುವೂ ಹಾಕ್ತಿದ್ರು,” ಎಂದರು ಮಾವ.

“ಯಾವ ಕಾಲದಲ್ಲಿ ಸ್ವಾಮಿ? ಮಕ್ಕಳ ಪುಸ್ತಕದಲ್ಲಿ ಆ ಸಾಲನ್ನ ವರ್ಷಾ ವರ್ಷಾ ತಿದ್ದಿದವರೇ ನೀವು.”

“ಬಿಡ್ರೀ, ಶಾಯಿ ಮುಗೀತು. ಇನ್ಮೇಲೆ ಬರೀ ಕ್ಯಾಪು,” ಅಂದರು ಔಷಧಿಯವರು. “ಫೋನ್ ಆದ್ರೂ ಮಾಡಿ ಕಚೇರಿಗೆ.”

“ಈ ವಾರ ಮಾಡೋದಿಲ್ಲ. ಅದು ತಪ್ಪಲ್ಲ.”

ಆ ಮಾತಿಗೆ ಅವರಿಬ್ಬರ ನಗು ಸ್ವಲ್ಪ ತಗ್ಗಿತು. ವಯಸ್ಸಾದವರ ತಲೆ ಮಂಜಾಗುತ್ತಿದೆಯೋ ಏನೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಮಾವನೂ ನೋಡಿದರು, ಚಹಾದ ತಟ್ಟೆ ಹಿಡಿದು ಬಂದ ಸೊಸೆಯೂ ನೋಡಿದಳು.

“ಅಮ್ಮಾ, ನೀವು ಇದನ್ನೇ ಓದಿದವರು. ನೀವೇ ಹೇಳಿಬಿಡಿ,” ಅಂದರು ಗಾರ್ಡ್. “ಕಂಚಿಗೆ ಏನು ಬೆರೆಸ್ತಾರೆ?”

“ತವರ,” ಅಂದಳು. ಬಾಯಿಗೆ ಬಂದದ್ದು ಅಷ್ಟೇ.

“ನೋಡಿದ್ರಾ? ನಾಳೆಯಿಂದ ಸೊಸೆ ಹತ್ರ ಪಾಠ ಹೇಳಿಸ್ಕೊಳ್ಳಿ.”

ಮಾವ ಲೋಟ ತೆಗೆದುಕೊಂಡರು. ಅವಳ ಮುಖ ನೋಡಲಿಲ್ಲ. “ಹೌದಾ? ಹಾಗಾದ್ರೆ ನಾನೇ ತಪ್ಪಿದೆ,” ಅಂದರು.

ಅಲ್ಲಿಗೆ ಮುಗಿಯುತ್ತಿತ್ತು. ತಟ್ಟೆ ಖಾಲಿಯಾಗಿತ್ತು, ಒಳಗೆ ಹೋಗಬಹುದಿತ್ತು. ಅವಳ ಕಾಲೂ ತಿರುಗಿತ್ತು. ಆದರೆ ಔಷಧಿಯವರು ಮೆಲ್ಲಗೆ, ರೋಗಿಗಳ ಹತ್ತಿರ ಆಡುವ ದನಿಯಲ್ಲಿ, “ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ?” ಎಂದು ಮಾವನನ್ನು ಕೇಳಿದರು.

“ಅದನ್ನ ಬರೆದದ್ದು ನಾನು,” ಅಂದಳು ಸೊಸೆ. “ಸುಳಿವು ಓದಿರಲಿಲ್ಲ. ಫೋನಲ್ಲಿ ಉತ್ತರ ಇರುತ್ತೆ. ಅದನ್ನ ನೋಡಿ ಬರೆದೆ. ದಿನಾಲೂ ಹಾಗೇ ಬರೀತಿದ್ದೆ.”

ಕಿವಿ ಸುಡುತ್ತಿತ್ತು. ಗಂಡ ಹೋದ ಈ ಒಂದು ವರ್ಷದಲ್ಲಿ ಮೈಗೆ ಏನೂ ತಾಕಿರಲಿಲ್ಲ, ಈಗ ತಾಕಿದ್ದು ಈ ನಾಚಿಕೆ.

ಗಾರ್ಡ್‌ಗೆ ಮನೆಯಲ್ಲಿ ಏನೋ ತರಲು ಹೇಳಿದ್ದು ನೆನಪಾಯಿತು. ಔಷಧಿಯವರಿಗೆ ಅಂಗಡಿ ನೆನಪಾಯಿತು. ಅರ್ಧ ಕುಡಿದ ಲೋಟ ಬಿಟ್ಟು, ಚಪ್ಪಲಿ ಮೆಟ್ಟುವ ಸದ್ದೂ ಆಗದ ಹಾಗೆ ಇಬ್ಬರೂ ಹೊರಟುಹೋದರು.

“ಯಾಕೆ ಹೇಳೋಕೆ ಹೋದೆ?” ಅಂದರು ಮಾವ. “ನಾನು ಸಂಭಾಳಿಸಿದ್ದೆನಲ್ಲ.”

“ತಪ್ಪಾಯ್ತು ಮಾವ.”

ಅವರು ಮೊಣಕೈ ಎತ್ತಿದರು. ಪತ್ರಿಕೆ ಬೆವರಿಗೆ ಸ್ವಲ್ಪ ಅಂಟಿಕೊಂಡಿತ್ತು. ಬಹಳ ಹೊತ್ತು ಅದನ್ನೇ ನೋಡಿ, ಕಿಟಕಿ ಕಡೆಯ ಕುರ್ಚಿಯತ್ತ ತಿರುಗಿ ಕೇಳಿದರು:

“ಅವನೂ ಹೀಗೇ ಮಾಡ್ತಿದ್ನಾ?”

ಇಂಥದೊಂದು ಪ್ರಶ್ನೆ ಇದೆಯೆಂದೇ ಅವಳಿಗೆ ಹೊಳೆದಿರಲಿಲ್ಲ.

“ಇಲ್ಲ ಮಾವ. ಅವರು ಯಾವತ್ತೂ ಇಲ್ಲ. ನಿಮಗೇ ಗೊತ್ತಲ್ಲ, ಅವರದ್ದು ಎಷ್ಟು ತಪ್ಪಿರ್ತಿತ್ತು.”

“ತಪ್ಪು ಬೇಕಂತಾನೂ ಮಾಡಬಹುದು,” ಅಂದರು ಮಾವ. ಕೋಪವಿರಲಿಲ್ಲ, ಲೆಕ್ಕ ಹಾಕುವವರ ದನಿ. “ನೀನೂ ದಿನಕ್ಕೊಂದು ಬಿಡ್ತಿದ್ದೆ.”

ಅವಳು ಬಾಯಿ ತೆರೆದಳು. ಗಂಡ ಸ್ನಾನ ಮಾಡುವಾಗಲೂ ಸುಳಿವು ಗೊಣಗುತ್ತಿದ್ದದ್ದು, ಒಂದು ಪದಕ್ಕಾಗಿ ಇಡೀ ದಿನ ತಲೆ ಕೆರೆದುಕೊಂಡು ಸಂಜೆ ಬಾಗಿಲಲ್ಲೇ “ಅಪ್ಪಾ, ಸಿಕ್ತು” ಎಂದು ಬಂದದ್ದು, ಎಲ್ಲ ಹೇಳಿದಳು. ಎಲ್ಲವೂ ನಿಜ. ಮಾವ ಪೂರ್ತಿ ಕೇಳಿಸಿಕೊಂಡರು. ಮಾಲು ಅಪ್ಪಟವೆಂದು ಆಣೆ ಹಾಕುವ ವ್ಯಾಪಾರಿಯ ಮಾತಿಗೆ ಗಿರಾಕಿ ತಲೆಯಾಡಿಸುವ ಹಾಗೆ, ತಲೆಯಾಡಿಸಿದರು.

ಆಮೇಲೆ ಎದ್ದು, ಯಾವತ್ತೂ ಎತ್ತದವರು, ಮೇಜಿನ ಮೇಲಿದ್ದ ಲೋಟಗಳನ್ನೆಲ್ಲ ಒಂದೊಂದಾಗಿ ಕೂಡಿಸಿಕೊಂಡು ಅಡುಗೆಮನೆಗೆ ಹೋದರು, ನೆಂಟರ ಮನೆಗೆ ಬಂದವರ ಹಾಗೆ.