ಬೋಲ್ಟಿನ ಕೆಳಗಿನ ಬಣ್ಣ

ಗಾಡಿಗಳಿಗೆ ಬಣ್ಣ ಹೊಡೆಯುವುದರಲ್ಲಿ ಪೇಂಟರನನ್ನು ಮೀರಿಸುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಕಾಯುವ ತಾಳ್ಮೆ ಅವನಿಗೂ ಇರಲಿಲ್ಲ. ಅವನ ಶೆಡ್ಡಿನಿಂದ ಹೊರಬೀಳುವ ಗಾಡಿಯ ಮೈಮೇಲೆ ಉಗುರಿನಷ್ಟು ಜಾಗದಲ್ಲೂ ಬರಿ ತಗಡು ಕಾಣಬಾರದು. ಕಂಡರೆ ಅವನಿಗೆ ಅನ್ನ ಸೇರದು. ಬರಿ ತಗಡಿಗೆ ತುಕ್ಕು ಹಿಡಿಯದೆ ಬಿಡುವುದಿಲ್ಲ ಎಂಬ ಅವನ ಭಾಷಣ ಹೆಂಡತಿಗೆ ಬಾಯಿಪಾಠವಾಗಿತ್ತು.

ಅಂಥವನು ಸಾಮಾನು ಸಾಗಿಸುವ ಹಳೇ ವ್ಯಾನೊಂದನ್ನು ತಂದು ಅದರೊಳಗೆ ಮನೆ ಮಾಡಲು ಹೊರಟಿದ್ದ. ಅದಕ್ಕೆ ಕಾರಣ ಆ ಹೆಂಡತಿಯೇ. ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಮೂಗಿಗೆ ಮುಖವಾಡ ಹಾಕಿ ಗಾಳಿ ಊದುವ ಯಂತ್ರ ಪಕ್ಕದಲ್ಲಿಲ್ಲದೆ ಕಣ್ಣು ಮುಚ್ಚುವಂತಿರಲಿಲ್ಲ. ಆ ಯಂತ್ರ ಮನೆಗೆ ಬಂದಂದಿನಿಂದ ಅವಳು ಇನ್ನೊಬ್ಬರ ಮನೆಯಲ್ಲಿ ಉಳಿದವಳಲ್ಲ. ಅದರ ಗೊರಗೊರದಿಂದ ಅವರ ನಿದ್ದೆ ಕೆಡುತ್ತದೆ ಎಂಬ ಸಂಕೋಚ. ಕಡಲ ದಂಡೆಯಲ್ಲಿ ಬೆಳಗಾಗುವುದನ್ನು ಒಮ್ಮೆ ನೋಡಬೇಕೆಂಬ ಅವಳ ಆಸೆ ಹಾಗೇ ಉಳಿದುಹೋಗಿತ್ತು. ಯಂತ್ರವೂ ಹಾಸಿಗೆಯೂ ಜೊತೆಗೇ ಹೊರಟರೆ ಸಂಕೋಚದ ಮಾತೇ ಇಲ್ಲವಲ್ಲ ಎಂದು ಪೇಂಟರ್ ಲೆಕ್ಕ ಹಾಕಿದ್ದ.

ಮಂಚ, ಕಪಾಟು, ಒಲೆ ಎಲ್ಲ ಅವನ ಕೈಯದೇ. ಕರೆಂಟಿನ ಕೆಲಸವೂ ಅವನದೇ. ಹೆಂಡತಿಯ ತಮ್ಮ ಎಲೆಕ್ಟ್ರಿಷಿಯನ್, ಅದೂ ಪಕ್ಕದ ಬೀದಿಯಲ್ಲೇ. ಆದರೆ ಭಾವಮೈದುನನ ಕೈಯಲ್ಲಿ ಒಂದು ವೈರು ಕಟ್ಟಿಸಿಕೊಂಡರೂ ಅವನು ಜೀವನಪೂರ್ತಿ ಅದನ್ನೇ ಹೇಳಿ ಆಡಿಕೊಳ್ಳುತ್ತಾನೆ. ಅದಕ್ಕಿಂತ ಕರೆಂಟು ಹೊಡೆಸಿಕೊಳ್ಳುವುದೇ ವಾಸಿ ಎಂಬುದು ಪೇಂಟರನ ನಿಲುವು.

ಆಗಲೇ ಎರಡು ಸಲ ಪರೀಕ್ಷೆ ನಡೆದಿತ್ತು. ಎರಡೂ ಸಲ ಯಂತ್ರ ನಡುವೆಯೇ ನಿಂತುಹೋಗಿತ್ತು. ಈ ದಿನ ಮಧ್ಯಾಹ್ನದ ನಿದ್ದೆಗೆ ವ್ಯಾನು ಹತ್ತುವ ಮುಂಚೆ ಹೆಂಡತಿ ಮೆಲ್ಲಗೆ ಹೇಳಿದಳು: "ರೀ, ಇವತ್ತೂ ನಿಂತ್ರೆ ಇದನ್ನ ಮಾರ್ಬಿಡಿ. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಅಂದದ್ದೇ ಪೇಂಟರನಿಗೆ ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅಷ್ಟು ಹೇಳಿ ಸುಮ್ಮನಾಗದೆ ಅವಳು ತಮ್ಮನಿಗೂ ಫೋನು ಮಾಡಿದ್ದಳು. ಅವನು ಜೇಬಲ್ಲಿ ಕರೆಂಟು ಅಳೆಯುವ ಮೀಟರು ಇಟ್ಟುಕೊಂಡು, ಮುಖದ ತುಂಬ ನಗು ಇಟ್ಟುಕೊಂಡು ಬಂದ.

"ಏನ್ ಭಾವ, ಗಾಡಿ ಹಿಂಗೆ ಮಿಂಚ್ತಿದೆ! ಮುಟ್ಬಹುದಾ, ಇಲ್ಲ ದೂರದಿಂದ್ಲೇ ಕೈ ಮುಗೀಬೇಕಾ?"

"ಕೈ ಒರೆಸ್ಕೊಂಡು ಮುಟ್ಟು."

ಹೆಂಡತಿ ಮುಖವಾಡ ಹಾಕಿಕೊಂಡು ಮಲಗಿದಳು. ದೀಪ ಉರಿಯಿತು, ಯಂತ್ರ ಗೊರಗುಟ್ಟಿತು. ಪೇಂಟರ್ ಭಾವಮೈದುನನ ಕಡೆ ಗತ್ತಿನಿಂದ ನೋಡಿದ. ಗತ್ತು ಇನ್ನೂ ಮುಖದ ಮೇಲಿರುವಾಗಲೇ ದೀಪ ಮಂಕಾಯಿತು, ಯಂತ್ರ ಎರಡು ಸಲ ಕೂಗಿ ಬಾಯಿ ಮುಚ್ಚಿತು. ಹೆಂಡತಿ ಮುಖವಾಡ ಕಿತ್ತು ಕೆಮ್ಮುತ್ತ ಎದ್ದು ಕುಳಿತಳು.

"ಬ್ಯಾಟರಿ ಸರಿ ಇಲ್ಲ," ಎಂದ ಪೇಂಟರ್.

"ಹೊಸಾ ಬ್ಯಾಟರಿ, ಭಾವ."

"ಹಂಗಾದ್ರೆ ಯಂತ್ರಾನೇ ಕೆಟ್ಟಿರ್ಬೇಕು."

"ಮನೇಲಿ ದಿನಾ ಓಡುತ್ತಲ್ರೀ," ಎಂದಳು ಹೆಂಡತಿ.

"ಹಂಗಾದ್ರೆ ಸೆಖೆ."

"ಸೆಖೆಗೂ ಇದಕ್ಕೂ ಏನ್ ಭಾವ ಸಂಬಂಧ?"

"ಇರುತ್ತೆ. ನಿಂಗೊತ್ತಾಗಲ್ಲ."

ಭಾವಮೈದುನ ಸೊಪ್ಪು ಹಾಕಲಿಲ್ಲ. ಯಂತ್ರವನ್ನು ಮತ್ತೆ ಹಾಕಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಬಾಗಿಲ ಹತ್ತಿರದ ಕಬ್ಬಿಣದ ಬೋಲ್ಟೊಂದಕ್ಕೂ ಹಿಡಿದು ನೋಡಿದ. ಸೊನ್ನೆಯ ಹತ್ತಿರ ಇರಬೇಕಾದ ಮೀಟರು ಮೇಲೇರಿತು. "ಕರೆಂಟು ವೈರಲ್ಲಿ ಹೋಗಿ, ಗಾಡಿ ಮೈಯಿಂದ ವಾಪಸ್ ಬ್ಯಾಟರಿಗೆ ಬರ್ಬೇಕು. ವಾಪಸ್ ಬರೋ ದಾರೀಲೇ ಯಾರೋ ಅಡ್ಡ ನಿಂತಿದಾರೆ. ದೀಪದಂಥ ಬಡಪಾಯಿ ಹೆಂಗೋ ನುಸುಳುತ್ತೆ, ಯಂತ್ರಕ್ಕೆ ಸಾಲ್ತಿಲ್ಲ. ಬ್ಯಾಟರಿ ವೈರನ್ನ ಗಾಡಿ ಮೈಗೆ ಕಟ್ಟೋ ಅರ್ತ್ ಬೋಲ್ಟ್ ಎಲ್ಲಿ ಕೂರ್ಸಿದೀರಿ?"

ಪೇಂಟರನ ಮುಖ ಹುಳ್ಳಗಾಯಿತು. ಬೋಲ್ಟು ಮಂಚದ ತಲೆಯ ಕಡೆ, ಚಾಸಿಯ ಮೇಲಿತ್ತು. ಅಲ್ಲಿ ಬಣ್ಣ ಕೆರೆದು ಬರಿ ಲೋಹದ ಮೇಲೆ ಬಿಗಿಯಬೇಕೆಂದು ಅವನಿಗೆ ಗೊತ್ತಿಲ್ಲದೆ ಏನಿಲ್ಲ. ಕೆರೆದೂ ಇದ್ದ. ಆದರೆ ಮನೆಗೆ ಹೋಗಿ ಊಟಕ್ಕೆ ಕೂತರೆ ತಟ್ಟೆಯಲ್ಲೆಲ್ಲ ಆ ಬೋಳು ಜಾಗವೇ ಕಾಣುತ್ತಿತ್ತು. ಅರ್ಧಕ್ಕೇ ಎದ್ದು ಬಂದು, ತೆಳ್ಳಗೆ ಒಂದೇ ಒಂದು ಕೋಟು ಹೊಡೆದು, ಒಣಗಿಸಿ, ಅದರ ಮೇಲೆ ಬೋಲ್ಟು ಬಿಗಿದಿದ್ದ. ತೆಳ್ಳಗಿದೆಯಲ್ಲ, ಏನಾಗುತ್ತೆ ಎಂದು ಸಮಾಧಾನವನ್ನೂ ಮಾಡಿಕೊಂಡಿದ್ದ.

"ಬೋಲ್ಟ್ ಸರಿಯಾಗೇ ಇದೆ," ಎನ್ನುತ್ತ ಅವನು ಅಡ್ಡ ನಿಂತ.

"ಸ್ವಲ್ಪ ಸರೀರಿ, ನೋಡ್ತೀನಿ."

ಪೇಂಟರ್ ಜಪ್ಪಯ್ಯ ಅಂದರೂ ಸರಿಯಲಿಲ್ಲ. ಅಷ್ಟರಲ್ಲಿ ಹೆಂಡತಿ ಮುಖವಾಡದ ಕೊಳವೆಯನ್ನು ಸುತ್ತಿಟ್ಟು ಹೊದಿಕೆ ಮಡಿಸತೊಡಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಮೂಲೆಗೆ ಮೂಲೆ ಸೇರಿಸಿ, ಇನ್ನು ಬಿಡಿಸುವುದೇ ಇಲ್ಲವೇನೋ ಎಂಬಷ್ಟು ಅಚ್ಚುಕಟ್ಟಾಗಿ ಮಡಿಸುತ್ತಿದ್ದಳು. ಅದನ್ನು ನೋಡಿ ಪೇಂಟರ್ ಪಕ್ಕಕ್ಕೆ ಸರಿದ.

"ಬಣ್ಣ ಹೊಡ್ದಿದೀನಿ," ಎಂದ.

"ಎಲ್ಲಿ?"

"ಬೋಲ್ಟಿನ ಕೆಳಗೆ."

ಭಾವಮೈದುನ ಹೊಟ್ಟೆ ಹಿಡಿದುಕೊಂಡು ವ್ಯಾನಿನ ನೆಲದ ಮೇಲೆ ಕುಸಿದ. ಹೆಂಡತಿ ಮಡಿಸಿದ ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಡನನ್ನೇ ನೋಡಿದಳು.

"ಅಲ್ರೀ, ಬೋಲ್ಟಿನ ಕೆಳಗೆ ಯಾರು ಬಗ್ಗಿ ನೋಡ್ತಾರೆ?"

"ಯಾರೂ ನೋಡಲ್ಲ. ನಂಗೊತ್ತಿರುತ್ತಲ್ಲ."

"ಭಾವ, ಬಣ್ಣ ಬೇಡ ಅಂದೋರು ಯಾರು?" ಭಾವಮೈದುನ ಕಣ್ಣೊರೆಸಿಕೊಂಡ. "ಮೊದ್ಲು ಬರಿ ಲೋಹಕ್ಕೆ ಬಿಗೀರಿ, ಆಮೇಲೆ ಮೇಲಿಂದ ಎಷ್ಟು ಬೇಕಾದ್ರೂ ಬಳೀರಿ. ಹಿಂದಿಂದು ಮುಂದೆ ಮಾಡಿದೀರಿ ಅಷ್ಟೆ. ಕೊಡಿ, ನಾನು ಕೆರೀತೀನಿ."

"ನೀನು ಮುಟ್ಬೇಡ."

ಭಾವಮೈದುನ ಬ್ಯಾಟರಿಯ ವೈರು ಬಿಚ್ಚಿಕೊಟ್ಟ. ಪೇಂಟರ್ ತಾನೇ ಬೋಲ್ಟು ತೆಗೆದು, ಉಪ್ಪು ಕಾಗದ ಹಿಡಿದು ಮಂಡಿಯೂರಿದ. ತನ್ನ ಬಣ್ಣವನ್ನು ತಾನೇ ಉಜ್ಜಿ ತೆಗೆಯುವ ಸದ್ದಿಗೆ ಅವನ ಹಲ್ಲು ಜುಮ್ಮೆಂದಿತು. ಲೋಹ ಫಳಫಳ ಹೊಳೆಯುವ ತನಕ ಉಜ್ಜಿ, ಬೋಲ್ಟನ್ನು ಸ್ಪ್ಯಾನರಿನಿಂದ ಬಿಗಿದ. ವೈರು ಮತ್ತೆ ಕಟ್ಟಿ, ಯಂತ್ರ ಹಾಕಿಸಿ ನೋಡಿದರೆ ಮೀಟರು ಸೊನ್ನೆಯ ಹತ್ತಿರ ತೆಪ್ಪಗೆ ನಿಂತಿತು. ಹೆಂಡತಿ ಹೊದಿಕೆ ಬಿಡಿಸಿಕೊಂಡು ಮಲಗಿದಳು.

ಬೋಲ್ಟಿನ ಸುತ್ತ ಬಳೆಯಷ್ಟು ಅಗಲಕ್ಕೆ ಬರಿ ಲೋಹ ಉಳಿದಿತ್ತು. ಪೇಂಟರ್ ಓಡಿ ಹೋಗಿ ಬಣ್ಣದ ಡಬ್ಬಿ, ಕುಂಚ ತಂದ. ಮಂಚದ ತಲೆಯ ಬಳಿ ಕುಕ್ಕರಗಾಲಲ್ಲಿ ಕೂತು ಮುಚ್ಚಳ ಎತ್ತಿದ್ದೇ ತಡ, ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಯಂತ್ರ ಅಲ್ಲೇ ಪಕ್ಕದಿಂದ ಹೆಂಡತಿಗೆ ಊದುವ ಗಾಳಿ ಎಳೆಯುತ್ತಿತ್ತು. ಅವನು ತಲೆಯೆತ್ತಿ ನೋಡಿದ. ಹೆಂಡತಿಗೆ ಆಗಲೇ ಗಾಢ ನಿದ್ದೆ. ಕೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಯಂತ್ರ ಒಂದೇ ಸಮನೆ ಊದುತ್ತಿತ್ತು. ಅವಳು ಹೀಗೆ ಮನೆಯಿಂದ ಹೊರಗೆ ಮಲಗಿ ನಿದ್ದೆ ಹೋದದ್ದನ್ನು ಅವನು ನೋಡಿ ಎಷ್ಟೋ ವರ್ಷವಾಗಿತ್ತು. ಮುಚ್ಚಳವನ್ನು ಹೆಬ್ಬೆರಳಿನಿಂದ ಸದ್ದಾಗದಂತೆ ಒತ್ತಿ ಮುಚ್ಚಿ, ಡಬ್ಬಿ ಎತ್ತಿಕೊಂಡು ಕೆಳಗಿಳಿದ.

ಬಾಗಿಲಲ್ಲಿ ನಿಂತಿದ್ದ ಭಾವಮೈದುನ ಒಳಗಿಣುಕಿ, ಹೊಳೆಯುವ ಲೋಹವನ್ನು ನೋಡಿ ಪಿಸುಗುಟ್ಟಿದ: "ಯಾಕ್ ಭಾವ, ಹಂಗೇ ಬಿಟ್ರಿ? ತುಕ್ಕು ಹಿಡಿಯಲ್ವಾ?"

"ಹಿಡೀಲಿ ಬಿಡೋ," ಎಂದ ಪೇಂಟರ್.