ದುಂಡಮ್ಮನ ಅಕ್ಷರಗಳು, ಅಪ್ಪನ ಕಣ್ಣುಗಳು

೧
ಎಲ್ಲಿಂದ ಶುರು ಮಾಡಲಿ? 'ಹೆದ್ದಾರಿಯ ಉದ್ದಕ್ಕೂ ಮಂಜು ಕವಿದಿತ್ತು' ಎಂದು ಬರೆದು ಹೊಡೆದುಹಾಕಿದೆ. ಮಂಜೆಲ್ಲಿ ಬಂತು, ರಣಬಿಸಿಲು. ಕಥೆಗೆ ಗಾಂಭೀರ್ಯ ಬರಲೆಂದು ಹವಾಮಾನ ತಿದ್ದುವ ಚಾಳಿ ನನಗಿದೆ. ಕ್ಷಮಿಸಿ. (ಕ್ಷಮಿಸದಿದ್ದರೂ ಬರೆಯುತ್ತೇನೆ.)

೨
ರಸ್ತೆ ಇಲಾಖೆಯಲ್ಲಿ ಅಕ್ಷರ ವಿನ್ಯಾಸ ಮಾಡುವ ಹೆಂಗಸೊಬ್ಬಳಿದ್ದಳು. ಅವಳ ಅಕ್ಷರಗಳು ದುಂಡಗಿವೆಯೆಂದು ಆಫೀಸಿನವರು ಇಟ್ಟ ಹೆಸರು ದುಂಡಮ್ಮ. ಆಳು ಮಾತ್ರ ಕಡ್ಡಿ. ಹೆದ್ದಾರಿ ಫಲಕಗಳಿಗೆ ಹೊಸ ಫಾಂಟ್ ಆರಿಸಬೇಕಿತ್ತು. ದೊಡ್ಡ ಎಂಜಿನಿಯರರ ಮನಸ್ಸು ದಪ್ಪ ಅಕ್ಷರದ ಮೇಲೆ.

"ಅಕ್ಷರ ಅಂದ್ರೆ ಮೈಕೈ ತುಂಬ್ಕೊಂಡಿರ್ಬೇಕು ಕಣಮ್ಮ."

"ತುಂಬ್ಕೊಂಡ್ರೆ ದೂರದಿಂದ 'ಪ' ಯಾವ್ದು, 'ಷ' ಯಾವ್ದು ಗೊತ್ತಾಗಲ್ಲ ಸರ್. ಹೊಟ್ಟೆ ಖಾಲಿ ಇರ್ಬೇಕು. ಒತ್ತಕ್ಷರಕ್ಕೂ ಉಸಿರಾಡೋಕೆ ಜಾಗ ಬೇಕಲ್ವಾ?"

ಫಲಕ ಓದಲಾಗದೆ ಕವಲಿನಲ್ಲಿ ಗಕ್ಕನೆ ಬ್ರೇಕ್ ಹಾಕಿದ ಬಸ್ಸೊಂದು ಮಗುಚಿದ ಮೇಲೆಯೇ ಅವಳು ಈ ಕೆಲಸ ಹಿಡಿದದ್ದು. ಆರು ವರ್ಷ ಹಿಡಿಯಿತು.

೩
ಇನ್ನೂ ತೆರೆಯದ ರಸ್ತೆಯಲ್ಲಿ ಪರೀಕ್ಷೆ. ಹನ್ನೆರಡು ಫಲಕ; ಆರು ದಪ್ಪ, ಆರು ದುಂಡು. ಓದಲು ಹಳೇ ಡ್ರೈವರ್ ಒಬ್ಬರು ಬೇಕೆಂದಾಗ ಅವಳ ಅಪ್ಪ ಎದೆಯುಬ್ಬಿಸಿ ಬಂದರು. ಜೀವಮಾನವೆಲ್ಲ ಲಾರಿ ಓಡಿಸಿದವರು. ಹಿಂದಿನ ದಿನ ಮನೆಯಂಗಳದಲ್ಲಿ ಫಲಕಗಳಿಗೆ ಅಕ್ಷರ ಅಂಟಿಸುವಾಗ ಮಗಳಿಗೆ ಕೈಜೋಡಿಸಿದ್ದರು. (ಅವಳು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.)

ಸ್ಟಿಯರಿಂಗ್ ಹಿಂದೆ ಅಪ್ಪ, ಪಕ್ಕದಲ್ಲಿ ಪಟ್ಟಿ ಹಿಡಿದ ಎಂಜಿನಿಯರ್, ಹಿಂದಿನ ಸೀಟಿನಲ್ಲಿ ದುಂಡಮ್ಮ.

"ಆಸ್ಪತ್ರೆ!" ಫಲಕ ಬೆಂಕಿಪೊಟ್ಟಣದಷ್ಟಿರುವಾಗಲೇ ಅಪ್ಪ ಕೂಗಿದರು. ದುಂಡು ಅಕ್ಷರ. ದಪ್ಪ ಅಕ್ಷರ ಬಂದಾಗ ಕಣ್ಣು ಕಿರಿದು ಮಾಡಿ, "ಏನೋ ಗಿಜಿಗಿಜಿ ಅಂತಿದೆ ಸಾರ್" ಎಂದರು. ಎಂಜಿನಿಯರ್ ತಲೆಯೆತ್ತದೆ ಗುರುತು ಹಾಕುತ್ತಾ ಹೋದರು.

ಒಂಬತ್ತನೆಯದಕ್ಕೆ ಅಪ್ಪ "ಹಳೇ ಬಂದರು!" ಎಂದರು. ಫಲಕದ ಮೇಲಿದ್ದದ್ದು 'ಸೇತುವೆ'. ಹತ್ತನೆಯದಕ್ಕೆ "ಸೇತುವೆ!" ಎಂದರು. ಅಲ್ಲಿ 'ಹಳೇ ಬಂದರು'. ಕಂಬ ನೆಟ್ಟವರು ಎರಡನ್ನೂ ಅದಲುಬದಲು ಮಾಡಿದ್ದರು. ದುಂಡಮ್ಮನಿಗೆ ಆಗ ಹೊಳೆಯಿತು. ಅಪ್ಪ ಓದುತ್ತಿರಲಿಲ್ಲ, ಹಿಂದಿನ ದಿನ ಅಂಟಿಸಿದ ಕ್ರಮವನ್ನೇ ಒಪ್ಪಿಸುತ್ತಿದ್ದರು.

(ಇಲ್ಲಿ ಅಪ್ಪ ನನ್ನ ಮೇಲೆ ರೇಗಿದರು. "ಎರಡು ಫಲಕ ನೆಟ್ಟಗೆ ನೆಡ್ಸೋಕೆ ನಿಂಗೇನಯ್ಯಾ ರೋಗ? ನನ್ನ ಮಾನ ತೆಗೀದೆ ನಿನ್ನ ಕಥೆ ಓಡಲ್ವಾ?" ಓಡುವುದಿಲ್ಲ, ಯಜಮಾನರೇ.)

೪
ಒಂದು ಮುಕ್ತಾಯ: ಮಗಳು ಬಾಯಿ ಬಿಡುವುದಿಲ್ಲ, ಅವಳ ಅಕ್ಷರ ಗೆಲ್ಲುತ್ತದೆ. ಬರೆದೆ. ಅವಳೇ ಹರಿದುಹಾಕಿದಳು.

ಇನ್ನೊಂದು: ಅಪ್ಪ ಕಣ್ಣೀರಿಟ್ಟು ಒಪ್ಪಿಕೊಳ್ಳುತ್ತಾರೆ. "ನಡುದಾರೀಲಿ ಮೂರು ಟಯರ್ ಸಿಡಿದಾಗ್ಲೂ ಅತ್ತೋನಲ್ಲ ನಾನು" ಎಂದು ಅವರು ಖಡಾಖಂಡಿತವಾಗಿ ನಿರಾಕರಿಸಿದರು.

೫
ನಡೆದದ್ದು ಇಷ್ಟು.

"ಸರ್, ಬರೆದಿದ್ದೆಲ್ಲ ಹೊಡೆದುಹಾಕಿ. ನಮ್ಮಪ್ಪಂಗೆ ಕಣ್ಣು ಸರಿಯಾಗಿ ಕಾಣಲ್ಲ."

ಕಾರು ಎಂಬತ್ತರಲ್ಲಿತ್ತು. ಎಂಜಿನಿಯರ್ ಪಟ್ಟಿ ಬಿಟ್ಟು ಡ್ಯಾಶ್‌ಬೋರ್ಡ್ ತಬ್ಬಿಕೊಂಡರು. "ಇದನ್ನ ಈಗ ಹೇಳ್ತೀರೇನಮ್ಮಾ!"

ಕಾರು ನಿಂತ ಮೇಲೆ ಎಂಜಿನಿಯರ್ ಇಲಾಖೆಯ ಜೀಪು ಕರೆಸಿಕೊಂಡು, ಮುಂದಿನ ವಾರ ಬೇರೆ ಡ್ರೈವರುಗಳಿಂದ ಓದಿಸೋಣವೆಂದು ಹೇಳಿ ಹೊರಟುಹೋದರು.

"ನಿನ್ನ ಅಕ್ಷರ ಗೆಲ್ಲಲಿ ಅಂತ ಕಣೇ," ಎಂದರು ಅಪ್ಪ, ರಸ್ತೆ ನೋಡುತ್ತಾ.

"ಗೆಲ್ಲೋದಕ್ಕಲ್ಲ ಅಪ್ಪಾ ನಾನು ಬರೆದಿದ್ದು. ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ. ದಾರಿ ಎಲ್ಲ ಬಾಯಿಪಾಠ. ಕಣ್ಯಾಕೆ ಬೇಕು?"

"ಕೀ ಕೊಡಿ."

ಹಲ್ಲು ಕೀಳಿಸಿಕೊಂಡವರಂತೆ ಕೊಟ್ಟರು.

೬
ಮರಳುವಾಗ ಅವಳು ಸ್ಟಿಯರಿಂಗ್ ಹಿಡಿದಳು. ಹಳೇ ಹೆದ್ದಾರಿಯ ಕವಲಿನಲ್ಲಿ ಅಪ್ಪ "ಎಡಕ್ಕೆ" ಎಂದರು. ಎದುರಿನ ಹಳೇ ಫಲಕದಲ್ಲಿ ಏನೋ ದಪ್ಪಗೆ ಬರೆದಿದೆ, ಅವಳಿಗೂ ಬಿಡಿಸಲಾಗುತ್ತಿಲ್ಲ. ಕಾರು ನಿಂತಿತು. ಅಪ್ಪ ಬಾಯಿಪಾಠ ಬಿಡುತ್ತಿಲ್ಲ, ಮಗಳು ಓದದೆ ತಿರುಗಿಸುತ್ತಿಲ್ಲ. ಹಿಂದೆ ವಾಹನಗಳ ಸಾಲು ಬೆಳೆಯಿತು. ಯಾವ ಕಡೆ ಹೋದರೆಂದು ನನ್ನನ್ನು ಕೇಳಬೇಡಿ. ಆ ಸಾಲಿನ ಕೊನೆಯ ಗಾಡಿ ನನ್ನದು. ನಾನೂ ಹಾರ್ನ್ ಹೊಡೆಯುತ್ತಿದ್ದೇನೆ.