ತಿವಿಯದ ಮೊಣಕೈ

ಕಣ್ಣಿನ ಪೊರೆ ತೆಗೆಸಿಕೊಂಡು ಕಿರಿಯವಳು ಶರ್ಟ್ ಕಾರ್ಖಾನೆಗೆ ಮರಳಿದಾಗ, ತಪಾಸಣೆಯ ಮೇಜಿನಲ್ಲಿ ಪಕ್ಕದ ಸ್ಟೂಲಿನ ಮೇಲೆ ಎಂದಿನಂತೆ ಅವಳ ಓರಗಿತ್ತಿ ಕೂತಿದ್ದಳು. ಒಂದೇ ಮನೆ, ಒಂದೇ ಒಲೆ, ಒಂದೇ ಮೇಜು. ಹೊಲಿದು ಬಂದ ಶರ್ಟುಗಳಲ್ಲಿ ಕಲೆ, ಬಿಟ್ಟುಹೋದ ಹೊಲಿಗೆ ಹುಡುಕಿ ಕೆಂಪು ಚೀಟಿ ಅಂಟಿಸುವುದು ಇಬ್ಬರ ಕೆಲಸ.

"ನನ್ನ ಮುಖ ಹೇಗೆ ಕಾಣ್ತಿದೆ?" ಎಂದಳು ಓರಗಿತ್ತಿ.

"ಇಷ್ಟೊಂದು ಸುಕ್ಕು ಯಾವಾಗ ಬಂತಕ್ಕ?"

"ಹಾಗಾದ್ರೆ ಆಪರೇಷನ್ ಕೆಟ್ಟಿದೆ ಬಿಡು."

ಪೊರೆ ಬೆಳೆಯುತ್ತಿದ್ದ ಕಾಲದಲ್ಲಿ ಕಿರಿಯವಳ ಕೆಲಸ ಉಳಿಸಿದ್ದು ಅಕ್ಕನ ಮೊಣಕೈ. ಕಲೆಯೊಂದು ಕಣ್ತಪ್ಪಿ ಹೋಗುವಾಗ ಅದು ಮೆಲ್ಲಗೆ ತಿವಿಯುತ್ತಿತ್ತು. ಅವಳು ಆ ಶರ್ಟನ್ನು ಹಿಂದಕ್ಕೆಳೆದು ಚೀಟಿ ಅಂಟಿಸುತ್ತಿದ್ದಳು. ಮಿಣುಕುವ ಟ್ಯೂಬ್‌ಲೈಟು ಬದಲಿಸಲು ಆ ಕಾರ್ಖಾನೆಗೆ ವರ್ಷಗಳು ಬೇಕು. ಕಣ್ಣು ಮಂಜಾದವಳನ್ನು ಬದಲಿಸಲು ಅರ್ಧ ದಿನ ಸಾಕು.

ಮಗನ ವಯಸ್ಸಿನ ಸೂಪರ್‌ವೈಸರ್ ಬಂದು ಕಿರಿಯವಳ ಬೆನ್ನ ಹಿಂದೆ ನಿಂತ. "ಇವತ್ತು ನಿನ್ನ ಪರೀಕ್ಷೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡು. ಒಂದು ತಪ್ಪಾದ್ರೂ ಮನೆಗೆ."

"ದಿನಾ ಇವಳ ಕಣ್ಣಿಗೆ ಹನಿ ಬಿಡೋಳು ನಾನು, ಎಣ್ಣೆ ಕೇಳೋನು ಇವನು," ಓರಗಿತ್ತಿ ಗೊಣಗಿದಳು.

ಕಿರಿಯವಳು ನಗಲಿಲ್ಲ. ಓರಗಿತ್ತಿ ಆಗಷ್ಟೇ ಸರಿ ಎಂದು ಆಚೆಗಿಟ್ಟ ಶರ್ಟಿನ ಕಾಲರಿನ ಕೆಳಗೆ ಮಷೀನಿನ ಎಣ್ಣೆಯ ಕಲೆಯಿತ್ತು. ಮುಂದಿನ ಶರ್ಟನ್ನು ಓರಗಿತ್ತಿ ಮೂಗಿನ ತನಕ ಎತ್ತಿ ಹಿಡಿದಿದ್ದಳು. ಅಕ್ಕನ ಕಣ್ಣಿಗೂ ಪೊರೆ. ಎಂದಿನಿಂದ ಬೆಳೆಯುತ್ತಿತ್ತೋ. ತನ್ನ ಗೋಳಿನಲ್ಲಿ ಮುಳುಗಿದ್ದವಳು ಕೇಳಿಯೇ ಇರಲಿಲ್ಲ.

ಒಂದು ತಿವಿತ ಸಾಕಿತ್ತು. ಅಕ್ಕನ ಮೊಣಕೈ ಅದಕ್ಕೇ ಕಾದಂತೆ ಇವಳ ಮೊಣಕೈಗೆ ತಾಗಿಕೊಂಡಿತ್ತು. ಬೆನ್ನ ಹಿಂದೆ ಸೂಪರ್‌ವೈಸರನ ಉಸಿರು ಕೇಳುತ್ತಿತ್ತು. ಕಿರಿಯವಳು ಕೈಯನ್ನು ಮೈಗೆ ಎಳೆದುಕೊಂಡಳು.

ಸೂಪರ್‌ವೈಸರ್ ಆ ಶರ್ಟನ್ನು ಎತ್ತಿ ಕಾಲರ್ ಮಡಿಚಿದ. "ಇದನ್ನ ನೋಡಿದ್ದು ಯಾರು?"

ಕಿರಿಯವಳು ಕೈಯಲ್ಲಿದ್ದ ಶರ್ಟಿನ ಮೇಲೆ ಇನ್ನಷ್ಟು ಬಗ್ಗಿದಳು.

"ನಾನೇ ಸಾರ್," ಎಂದಳು ಓರಗಿತ್ತಿ.

"ಕಣ್ಣು ಸರಿ ಮಾಡಿಸ್ಕೊಂಡು ಬಾ. ಆಮೇಲೆ ನೋಡೋಣ."

ಆ ನೋಡೋಣಕ್ಕೆ ಅಲ್ಲಿ ಏನರ್ಥವೆಂದು ಎಲ್ಲರಿಗೂ ಗೊತ್ತು. ಓರಗಿತ್ತಿ ಊಟದ ಡಬ್ಬಿ ತೆಗೆದುಕೊಂಡು ಎದ್ದಳು. ಯಾರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ಕಿರಿಯವಳು ಆ ಮಧ್ಯಾಹ್ನ ಎರಡು ತುತ್ತು ತಿನ್ನುತ್ತಿದ್ದಳೇನೋ.

ಸಂಜೆ ಅಡುಗೆಮನೆಯಲ್ಲಿ ಓರಗಿತ್ತಿ ಔಷಧಿಯ ಬಾಟಲಿ ಹಿಡಿದು ಕರೆದಳು. "ಬಾ, ಹನಿ ಬಿಡೋ ಹೊತ್ತಾಯ್ತು. ಮೇಲೆ ನೋಡು, ಅಲುಗಬೇಡ."

ಬಾಟಲಿ ಕಣ್ಣಿನ ಮೇಲೆ ಬಂದು, ಜಾಗ ಹುಡುಕಿ, ತಡವರಿಸಿತು. ಹನಿ ಕೆನ್ನೆಯ ಮೇಲೆ ಬಿತ್ತು.

"ಸರಿಯಾಗಿ ಬಿತ್ತೇನೇ?"

"ಬಿತ್ತಕ್ಕ," ಎಂದಳು ಕಿರಿಯವಳು. ಕೆನ್ನೆ ಒರೆಸಿಕೊಳ್ಳಲಿಲ್ಲ.